ತಕ್ಕಡಿ ಅಂಗಡಿಯ ಗುಲಗಂಜಿ

ಹುಟ್ಟಿದಾಗ ಅವಳ ತೂಕ ಒಂದು ಕಿಲೋ ಮುನ್ನೂರು ಗ್ರಾಂ. ಹೊಸಬರು ಯಾರೇ ಸಿಗಲಿ, ತನ್ನ ಹೆಸರಿಗಿಂತ ಮೊದಲು ಇದನ್ನು ಹೇಳುತ್ತಿದ್ದಳು. ಹೇಳಿ, ದುಂಡನೆಯ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು, "ಉಳಿದಿದ್ದು ಆಮೇಲೆ ಬಂತು, ಪಾರ್ಸೆಲ್ಲಲ್ಲಿ" ಅನ್ನುತ್ತಿದ್ದಳು. ನಕ್ಕರೆ ಅವರು ಸ್ನೇಹಿತರು. ನಗದಿದ್ದರೆ ಇನ್ನೊಂದು ಸಲ ಹೇಳುತ್ತಿದ್ದಳು.

ಅವಳ ಅಪ್ಪ ತಕ್ಕಡಿ ರಿಪೇರಿ ಮಾಡುತ್ತಿದ್ದವರು. ಹೆರಿಗೆಯ ದಿನ ಆಸ್ಪತ್ರೆಯ ತಕ್ಕಡಿಯ ಮುಳ್ಳು ನಡುಗುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲವಂತೆ. ಅಂಗಡಿಗೆ ಓಡಿಹೋಗಿ ಹಿತ್ತಾಳೆ ತಟ್ಟೆಯ ತಕ್ಕಡಿಯನ್ನೇ ಹೆಗಲ ಮೇಲೆ ಹೊತ್ತು ತಂದು ಅವಳಿ ಮಕ್ಕಳಿಬ್ಬರನ್ನೂ ತೂಗಿದರು. ಐದು ನಿಮಿಷ ಮೊದಲು ಹುಟ್ಟಿದವಳು ಎರಡು ಕಿಲೋ ಆರುನೂರು. ಹಿಂದೆ ಬಂದವಳು ಸರಿಯಾಗಿ ಅದರ ಅರ್ಧ. ಅಲ್ಲೇ ಅವಳಿಗೆ ಗುಲಗಂಜಿ ಎಂಬ ಹೆಸರು ಬಿತ್ತು. ಹಿಂದಿನ ಕಾಲದಲ್ಲಿ ಚಿನ್ನ ತೂಗಲು ಇಡುತ್ತಿದ್ದ ಕೆಂಪು ಬೀಜದ ಹೆಸರು ಅದು. ಶಾಲೆಯಲ್ಲಿ ಬರೆಸಿದ ಹೆಸರು ಬೇರೆ ಇತ್ತು. ಅದನ್ನು ಕರೆದರೆ ಅವಳೇ ಹಿಂದೆ ತಿರುಗಿ ಯಾರನ್ನೋ ಹುಡುಕುತ್ತಿದ್ದಳು.

ಅವಳು ಹೋಗಿ ಈಗ ಏಳು ತಿಂಗಳಾಯಿತು. ಅವಳ ಬಗ್ಗೆ ಬರೆಯಬೇಕು ಎಂದು ಕೂತಾಗಲೆಲ್ಲ ಮೊದಲು ನಗು ಬರುತ್ತದೆ. ಆಮೇಲೆ ಬರುವುದನ್ನು ಇಲ್ಲಿ ಬರೆಯುವುದಿಲ್ಲ.

ನನ್ನದು ಅವಳ ಅಂಗಡಿಯ ಎದುರು ಸಾಲಿನಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ. ಇಪ್ಪತ್ತೊಂಬತ್ತು ವರ್ಷ ನಾವು ಬೆಳಿಗ್ಗೆ ಒಂದೇ ಹೊತ್ತಿಗೆ ಶಟರ್ ಎತ್ತಿದ್ದೇವೆ. ಅವಳು ಒಂದೇ ಒಂದು ಪುಸ್ತಕ ಓದಿದವಳಲ್ಲ. ಆದರೆ ದಿನಾ ರಸ್ತೆ ದಾಟಿ ಬಂದು ಒಂದು ಪುಸ್ತಕ ಕೈಗೆತ್ತಿಕೊಂಡು, ಕಣ್ಣು ಮುಚ್ಚಿ, "ಮುನ್ನೂರ ನಲವತ್ತು ಗ್ರಾಂ. ಒಳಗೇನಿದೆ ನೀನು ಹೇಳು" ಅನ್ನುತ್ತಿದ್ದಳು. ನಾನು ಕಥೆ ಹೇಳಬೇಕು. ಕಥೆ ಹಿಡಿಸದಿದ್ದರೆ, "ಇಷ್ಟಕ್ಕೆ ಮುನ್ನೂರ ನಲವತ್ತು ಗ್ರಾಂ ಕಾಗದ ಹಾಳು ಮಾಡಿದ್ನಾ?" ಎಂದು ಬರೆದವನ ಮೇಲೆ ಸಿಟ್ಟಾಗುತ್ತಿದ್ದಳು. ನಾನು ಅವಳ ಪಾಲಿಗೆ ಪುಸ್ತಕದ ಹುಳ. ಕರೆಯುವಾಗ ಪುಸ್ತಕ ಬಿಟ್ಟುಹೋಗಿ ಬರೀ ಹುಳ. ರಸ್ತೆಯ ಆಚೆಯಿಂದ "ಏ ಹುಳಾ" ಎಂದು ಅವಳು ಕೂಗಿದರೆ ನನ್ನ ಗಿರಾಕಿಗಳು ಬೆಚ್ಚಿ ಕಾಲು ಕೊಡವುತ್ತಿದ್ದರು.

ಅವಳ ಅಂಗಡಿ ಬೀಗದ ಅಂಗಡಿಗೂ ಬಟ್ಟೆ ಅಂಗಡಿಗೂ ನಡುವೆ ಒತ್ತಿ ಸೇರಿಸಿದಂತಿತ್ತು. ಅಗಲ ಎಂಟು ಅಡಿ. ಎಡಗೋಡೆಗೆ ಕಿರಾಣಿ ತಕ್ಕಡಿಗಳು, ಬಲಗೋಡೆಗೆ ಸ್ಪ್ರಿಂಗಿನವು, ಒಳಗಡೆ ಗಾಜಿನ ಪೆಟ್ಟಿಗೆಯಲ್ಲಿ ಅಕ್ಕಸಾಲಿಗನ ಸೂಕ್ಷ್ಮ ತಕ್ಕಡಿ. ಅದನ್ನು ಸರಿಮಾಡುವಾಗ ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಮಖಮಲ್ಲಿನ ಡಬ್ಬಿಯಲ್ಲಿದ್ದ ಪರೀಕ್ಷೆಯ ತೂಕದ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ಬೆವರಿಗೂ ತೂಕವಿದೆ ಎಂದು ನನಗೆ ಗೊತ್ತಾದದ್ದು ಅವಳಿಂದ. ತಕ್ಕಡಿಯ ಮೇಲೆ ಅನುಮಾನ ಬಂದರೆ ಅವಳು ಮೊದಲು ಮಾಡುತ್ತಿದ್ದುದು ಒಂದೇ ಕೆಲಸ: ಎಡತಟ್ಟೆಯಲ್ಲಿದ್ದುದನ್ನು ಬಲಕ್ಕೆ, ಬಲದಲ್ಲಿದ್ದುದನ್ನು ಎಡಕ್ಕೆ ಇಟ್ಟು ಮತ್ತೆ ತೂಗುವುದು. ತಪ್ಪು ತಕ್ಕಡಿಯದೋ ಸಾಮಾನಿನದೋ ಆಗ ತಿಳಿಯುತ್ತದೆ.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳು, ಅವಳ ಅಮ್ಮ. ಅಪ್ಪ ಹೋದ ಮೇಲೆ ಅಂಗಡಿ ಅವಳದಾಯಿತು. ಮದುವೆ ಬೇಡ ಅಂದವಳು. "ನನ್ನ ಕಣ್ಣಿಗೆ ಬಿದ್ದ ಗಂಡಸರೆಲ್ಲ ತೂಕದಲ್ಲಿ ಮೋಸ" ಎಂಬುದು ಅವಳ ಕಾರಣ. ಐದು ನಿಮಿಷದ ಅಕ್ಕ ಮದುವೆಯಾಗಿ ಪಕ್ಕದ ಬೀದಿಯಲ್ಲೇ ಇದ್ದಳು. ದಿನಕ್ಕೆರಡು ಸಲ ಬರುತ್ತಿದ್ದಳು, ಎರಡು ಸಲವೂ ಜಗಳವಾಡುತ್ತಿದ್ದಳು.

ಇನ್ನು ಅಮ್ಮನ ವಿಷಯ. ಅವರು ಬಸಿರಿಯಾಗಿದ್ದಾಗ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ದಿನವಿಡೀ ನಿಂತೇ ಕೆಲಸ. ನಾಲ್ಕು ತಿಂಗಳು ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲವಂತೆ. ಎರಡನೆಯ ಮಗುವನ್ನು ನೋಡಿದ ಅತ್ತೆ ತೊಟ್ಟಿಲ ಹತ್ತಿರ ನಿಂತು, "ಹೊಟ್ಟೆ ಕಟ್ಟಿ ಕಟ್ಟಿ ಇದನ್ನ ಒಳಗೇ ಒಣಗಿಸಿದೀಯ" ಅಂದಿದ್ದರು. ಆ ಮಾತು ಹೇಳಿದವರು ಯಾವತ್ತೋ ಮರೆತಿರಬೇಕು. ಕೇಳಿಸಿಕೊಂಡವರು ಐವತ್ತಾರು ವರ್ಷ ಇಟ್ಟುಕೊಂಡರು. ಮಗುವನ್ನು ತಾನೇ ಹಸಿವಿನಲ್ಲಿ ಕೆಡವಿದೆ ಎಂದು ನಂಬಿಕೊಂಡು, ಅದನ್ನು ತೀರಿಸಲೆಂದು ಬಡಿಸಿದರು. ಸಣ್ಣವಳ ಲೋಟಕ್ಕೆ ಹಾಲು ತುಳುಕುವವರೆಗೆ, ದೊಡ್ಡವಳಿಗೆ ಮುಕ್ಕಾಲು. ಸಣ್ಣವಳಿಗೆ ಎರಡು ಮೊಟ್ಟೆ, ದೊಡ್ಡವಳಿಗೆ ಒಂದು. ಇವಳು ಸಾಕು ಅಂದರೂ "ಇನ್ನೊಂದು", ಕೈ ಅಡ್ಡ ಹಿಡಿದರೂ "ಇನ್ನೊಂದೇ ಒಂದು".

ಅಕ್ಕ ಇದನ್ನು ನಗುತ್ತಲೇ ಹೇಳುತ್ತಿದ್ದಳು. "ಹೊಟ್ಟೇಲಿದ್ದಾಗ ನಾನು ಇವಳ ಪಾಲು ಕದ್ದೆ ಅಂತ, ಹೊರಗೆ ಬಂದ ಮೇಲೆ ನನಗೆ ಜೈಲೂಟ." ಪರಿಣಾಮ ಏನೆಂದರೆ, ನಲವತ್ತು ದಾಟುವ ಹೊತ್ತಿಗೆ ಗುಲಗಂಜಿ ಕುಂಬಳಕಾಯಿಯಂತೆ ಗುಂಡಗೆ, ಅಕ್ಕ ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗೆ. ಮುಖ ಮಾತ್ರ ಒಂದೇ. ಬೀದಿಯಲ್ಲಿ ಅವರಿಬ್ಬರನ್ನು ಒಟ್ಟಿಗೆ ನೋಡಿದವರು ಒಬ್ಬಳದೇ ಎರಡು ಕಾಲದ ಫೋಟೋ ನೋಡಿದಂತೆ ಕಣ್ಣುಜ್ಜಿಕೊಳ್ಳುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ನನ್ನ ಮೇಜಿನ ಮೇಲೆ ಒಂದು ಕಾಗದ ಒಗೆದಳು. ನಾಲ್ಕು ಮೂಲೆಗೂ ಗೋಡೆಯ ಸುಣ್ಣ ಅಂಟಿಕೊಂಡಿತ್ತು. ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಮಕ್ಕಳ ತಕ್ಕಡಿ ಪರೀಕ್ಷಿಸಲು ವರ್ಷಕ್ಕೊಮ್ಮೆ ಹೋಗುತ್ತಿದ್ದಳಲ್ಲ, ಅಲ್ಲಿಂದ ಕಿತ್ತು ತಂದಿದ್ದಳು. ಅದೇ ಆಸ್ಪತ್ರೆಯಲ್ಲಿ ಹುಟ್ಟಿದ, ತದ್ರೂಪಿ ಅವಳಿಗಳಾಗಿದ್ದೂ ಹುಟ್ಟುತೂಕದಲ್ಲಿ ಬಹಳ ವ್ಯತ್ಯಾಸವಿದ್ದವರು ಒಂದು ಅಧ್ಯಯನಕ್ಕೆ ಬೇಕಾಗಿದ್ದರು.

"ಇದು ಬೇರೆಯವರೂ ಓದಲಿ ಅಂತ ಅಂಟಿಸಿದ್ದು ಕಣೇ" ಅಂದೆ.

"ನನಗಿಂತ ವ್ಯತ್ಯಾಸ ಇರೋರು ಇನ್ಯಾರಿದ್ದಾರೆ ಓದೋಕೆ? ಅದಿರಲಿ. ಇವರಿಗೆ ಗೊತ್ತಿರುತ್ತೆ ಅಲ್ವಾ, ನಾನ್ಯಾಕೆ ಸಣ್ಣ ಹುಟ್ಟಿದೆ ಅಂತ?"

"ಗೊತ್ತಿರಬಹುದು."

"ಅಮ್ಮನಿಗೆ ಎಂಬತ್ತು ಹತ್ರ ಬಂತು ಹುಳಾ. ಈ ಕಲ್ಲು ಹೊತ್ಕೊಂಡೇ ಹೋಗಬಾರದು ಅವರು. ನಾನು ಹೇಳಿ ಹೇಳಿ ಸಾಕಾಯ್ತು. ಮಗಳು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾಳೆ ಅಂತಾರೆ. ಕೋಟು ಹಾಕಿದವರು ಹೇಳಲಿ."

ಅಕ್ಕನನ್ನು ಒಪ್ಪಿಸಲು ಹದಿನೈದು ದಿನ ಹಿಡಿಯಿತು. ಸೂಜಿಯ ಭಯ ಅಂದಳು, ಮೊಮ್ಮಗುವಿಗೆ ನೆಗಡಿ ಅಂದಳು. ಕಡೆಗೆ ಒಂದು ದಿನ ತಂಗಿಯ ಅಂಗಡಿಯ ಸ್ಟೂಲಿನ ಮೇಲೆ ಕೂತು ನಿಜ ಹೇಳಿದಳು.

"ಆ ಮಶೀನು ನಾನೇ ಕಳ್ಳಿ ಅಂದುಬಿಟ್ರೆ?"

"ಅಂದ್ರೆ ಅನ್ನಲಿ ಬಿಡು. ಐವತ್ತಾರು ವರ್ಷ ಜೈಲೂಟ ಮಾಡಿದೀಯ, ಶಿಕ್ಷೆ ಮುಗಿದಿದೆ."

"ತಮಾಷೆ ಅಲ್ಲ ಕಣೇ."

"ಗೊತ್ತು. ಅದಕ್ಕೇ ಇಬ್ಬರೂ ಹೋಗೋಣ."

ಹೋದೆವು. ನಾನೂ ಹೋದೆ. ಫಾರಂ ಓದುವವಳು ಯಾರಾದರೂ ಬೇಕಿತ್ತು. ರಕ್ತ ತೆಗೆಯುವವರು ನಿವೃತ್ತಿಗೆ ಹತ್ತಿರವಿದ್ದ, ಕನ್ನಡಕವನ್ನು ಸದಾ ಹಣೆಯ ಮೇಲೇ ಇಟ್ಟುಕೊಂಡಿರುವ ಮನುಷ್ಯ. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ನೋವಾಗದಂತೆ ರಕ್ತ ತೆಗೆದು, ಎರಡು ನಳಿಕೆಗಳಿಗೆ ಚೀಟಿ ಅಂಟಿಸಿದರು. ಇವರ ಜೋಡಿಯ ಸಂಖ್ಯೆ ಹದಿನೇಳು: ಹದಿನೇಳು ದೊಡ್ಡದು, ಹದಿನೇಳು ಚಿಕ್ಕದು. ಗುಲಗಂಜಿ ಅವರ ಮೇಜಿನ ಮೇಲಿದ್ದ ಪುಟ್ಟ ತಕ್ಕಡಿಯನ್ನು ನೋಡಿ, "ಇದು ಎರಡು ಗ್ರಾಂ ಸುಳ್ಳು ಹೇಳ್ತಿದೆ" ಅಂದಳು. ಅವರು ಇಲ್ಲ ಅಂದರು. ಆ ವಾದದಲ್ಲಿ ಅರ್ಧ ಗಂಟೆ ಹೋಯಿತು.

ಫಲಿತಾಂಶಕ್ಕೆ ಎಂಟು ತಿಂಗಳು. ಅಷ್ಟರಲ್ಲಿ ಅಧ್ಯಯನ ನಡೆಸುತ್ತಿದ್ದ ಡಾಕ್ಟರಮ್ಮ ಕೊಟ್ಟ ಹಾಳೆಗಳನ್ನೂ ಬೇರೆ ಕೆಲವನ್ನೂ ನಾನು ಓದಿದೆ. ಓದಿದ್ದನ್ನು ಅವಳಿಗೆ ಹೇಳುವುದು ನನ್ನ ಕೆಲಸ. ತದ್ರೂಪಿ ಅವಳಿಗಳ ವಂಶವಾಹಿಗಳು ಅಕ್ಷರಕ್ಕೆ ಅಕ್ಷರ ಒಂದೇ. ಆದರೆ ಆ ಅಕ್ಷರಗಳ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಸಣ್ಣ ಸಣ್ಣ ಗುರುತುಗಳು ಕೂತಿರುತ್ತವೆ. ಯಾವ ವಂಶವಾಹಿ ಜೋರಾಗಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಅವು ಸ್ವಲ್ಪಮಟ್ಟಿಗೆ ನಿರ್ಧರಿಸುತ್ತವೆ. ಗರ್ಭದಲ್ಲಿ ಒಂದು ಮಗುವಿಗೆ ಪೋಷಣೆ ಸಾಲದಾದರೆ, ಇದ್ದುದರಲ್ಲಿ ಬದುಕಲು ಅದು ತನ್ನನ್ನು ಹೊಂದಿಸಿಕೊಳ್ಳುತ್ತದೆ. ಆ ಗುರುತುಗಳಲ್ಲಿ ಕೆಲವು ಬೇರೆ ಥರ ಕೂರುತ್ತವೆ, ದೊಡ್ಡವರಾದ ಮೇಲೂ ಉಳಿದಿರಬಹುದು. ಉಳಿದಿವೆಯೇ ಎಂದು ನೋಡುವುದೇ ಈ ಅಧ್ಯಯನ.

ನಾನು ಪುಸ್ತಕದ ಅಂಚಿನ ಪೆನ್ಸಿಲ್ ಗೆರೆಗಳ ಉದಾಹರಣೆ ಕೊಟ್ಟೆ. ಅವಳಿಗೆ ಹಿಡಿಸಲಿಲ್ಲ. ಒಂದು ತಕ್ಕಡಿಯನ್ನು ಬೋರಲು ಹಾಕಿ ಅಡಿಯ ತಿರುಪು ತೋರಿಸಿದಳು.

"ಇದು ಸೊನ್ನೆ ಕೂರಿಸೋ ತಿರುಪು. ಒಂದೇ ಕಾರ್ಖಾನೇಲಿ, ಒಂದೇ ದಿನ ಮಾಡಿದ ಎರಡು ತಕ್ಕಡಿ. ಒಂದನ್ನ ಸಮನೆಲದ ಮೇಲಿಟ್ರು, ಒಂದನ್ನ ಓರೆ ನೆಲದ ಮೇಲೆ. ಓರೇಲಿದ್ದದ್ದಕ್ಕೆ ತಿರುಪು ತಿರುಗಿಸಿ ಹೊಂದಿಸಿದ್ರು. ಆಮೇಲೆ ಅದನ್ನ ಎತ್ತಿ ಸಮನೆಲಕ್ಕೆ ತಂದ್ರೆ?"

"ಒಂದಿಷ್ಟು ವ್ಯತ್ಯಾಸ ತೋರಿಸುತ್ತೆ."

"ಕೆಟ್ಟಿಲ್ಲ ನೋಡು ಅದು. ಓರೆ ನೆಲಕ್ಕೆ ಸರಿಯಾಗಿತ್ತು." ತಕ್ಕಡಿಯ ಬೆನ್ನು ಚಪ್ಪರಿಸಿದಳು. "ಜಾಣ ತಕ್ಕಡಿ."

ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಈವರೆಗೂ ಓದಿಲ್ಲ.

ಆದರೆ ಓದಿದ್ದರಲ್ಲಿ ಇನ್ನೊಂದು ಸಂಗತಿ ಇತ್ತು. ಸಣ್ಣದಾಗಿ ಹುಟ್ಟಿ, ಆಮೇಲೆ ಬೇಗ ಬೇಗ ಮೈ ತುಂಬಿಕೊಂಡವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಉಳಿದವರಿಗಿಂತ ಹೆಚ್ಚು ಕಾಣುತ್ತವಂತೆ. ಎಲ್ಲರಲ್ಲೂ ಅಲ್ಲ, ಸರಾಸರಿಯಲ್ಲಿ. ಗುಲಗಂಜಿಗೆ ಆಗಲೇ ಸಕ್ಕರೆಯೂ ಇತ್ತು, ಒತ್ತಡವೂ ಇತ್ತು. ಇದನ್ನು ಓದಿ ಹೇಳುವಾಗ ನನ್ನ ದನಿ ಇಳಿಯಿತು. ಅವಳು ಬಟ್ಟೆಯಿಂದ ಬಟ್ಟು ಒರೆಸುತ್ತಿದ್ದವಳು ನಿಲ್ಲಿಸಲಿಲ್ಲ.

"ಅಮ್ಮನ ಕಿವಿಗೆ ಇದನ್ನ ಹಾಕಬೇಡ. ಹಳೇ ಕಲ್ಲು ಇಳಿಸೋಕೆ ಹೋಗಿ ಹೊಸದು ಹೊರಿಸಿದ ಹಾಗಾಗುತ್ತೆ."

"ಡಾಕ್ಟರು ಹೇಳಿದ್ರೆ?"

"ಅವರಾಗಿ ಹೇಳಲ್ಲ. ಅಮ್ಮ ಕೇಳದಿದ್ರೆ ಸರಿ."

ಫಲಿತಾಂಶದ ದಿನ ಅಮ್ಮನನ್ನೂ ಕರೆದುಕೊಂಡು ಹೋದೆವು. ಅವರು ಹೊಸ ಚಪ್ಪಲಿ ಹಾಕಿಕೊಂಡು, ತೀರ್ಪು ಕೇಳಲು ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ಡಾಕ್ಟರಮ್ಮನ ಕೋಣೆ ಚಿಕ್ಕದು. ಒಂದು ಕಿಟಕಿ, ಕಡತಗಳ ಕಪಾಟು, ಗೋಡೆಗೆ ಒಂದು ದೊಡ್ಡ ನಕ್ಷೆ. ಇಪ್ಪತ್ತೆರಡು ಅವಳಿ ಜೋಡಿಗೆ ಇಪ್ಪತ್ತೆರಡು ಚುಕ್ಕೆ. ನಡುವೆ ಒಂದು ಗೆರೆ. ಬಹುಪಾಲು ಚುಕ್ಕೆಗಳು ಗೆರೆಯ ಬಲಕ್ಕೆ. ಬಲಕ್ಕಿದ್ದರೆ ಸಣ್ಣ ಹುಟ್ಟಿದವರಲ್ಲಿ ಆ ಗುರುತುಗಳು ಹೆಚ್ಚು ಎಂದರ್ಥ, ಎಂದು ಡಾಕ್ಟರಮ್ಮ ವಿವರಿಸಿದರು. ವಯಸ್ಸು ನಲವತ್ತರೊಳಗೆ, ಮೆಲ್ಲಗೆ ಮಾತಾಡುವವರು. ಒಂದೊಂದು ಚುಕ್ಕೆ ಅದರಷ್ಟಕ್ಕೇ ಏನನ್ನೂ ಸಾಬೀತು ಮಾಡುವುದಿಲ್ಲ, ಎಲ್ಲ ಸೇರಿದರೆ ಮಾತ್ರ ಏನೋ ಹೇಳಬಹುದು, ಎಂದು ಎರಡು ಸಲ ಎಚ್ಚರಿಸಿದರು.

ಗುಲಗಂಜಿ ಎದ್ದು ನಕ್ಷೆಯ ಹತ್ತಿರ ಹೋದಳು. ತೊಂದರೆ ಕೊಡುವ ತಕ್ಕಡಿಯನ್ನು ನೋಡುವಾಗಿನ ಹಾಗೆ ಕತ್ತು ವಾಲಿಸಿದಳು.

"ಇದೊಂದು ಯಾಕೆ ಇಷ್ಟು ದೂರ, ಎಡಕ್ಕೆ?"

"ಹಾಗೆ ಒಂದೊಂದು ಬರುತ್ತೆ. ನಮಗೂ ತಲೆನೋವಾಗಿತ್ತು ಅದು."

"ತಟ್ಟೆ ಅದಲು ಬದಲು ಮಾಡಿ ನೋಡಿದ್ರಾ?"

"ಅಂದ್ರೆ?"

"ನಮ್ಮಲ್ಲಿ ತಕ್ಕಡಿ ಉಲ್ಟಾ ತೋರಿಸಿದ್ರೆ ಮೊದಲು ಅದನ್ನೇ ಮಾಡೋದು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಈ ಚುಕ್ಕೆಯೋರದ್ದು ಎರಡು ನಳಿಕೆ ಹಿಂದುಮುಂದಾಗಿದ್ರೆ?"

"ಹಾಗಾಗೋದಿಲ್ಲಮ್ಮ. ಚೀಟಿ ಅಂಟಿಸಿರ್ತೀವಿ." ಹಾಗೆಂದರೂ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಆ ಚುಕ್ಕೆಯ ಸಂಖ್ಯೆ ಹುಡುಕಿದರು. ಹುಡುಕಿ, ನಮ್ಮ ಕಡೆ ತಿರುಗಿದರು. ಹದಿನೇಳು.

ಡಾಕ್ಟರಮ್ಮ ನಮ್ಮ ಕಡತ ತೆರೆದು, "ಇವರು ತಾನೇ ದೊಡ್ಡದಾಗಿ ಹುಟ್ಟಿದ್ದು?" ಎಂದು ಗುಲಗಂಜಿಯತ್ತ ಬೆರಳು ಮಾಡಿದರು.

"ಅಲ್ಲಮ್ಮ, ಇವಳು," ಅಂದರು ಅಮ್ಮ, ಅಕ್ಕನ ಮೊಣಕೈ ಹಿಡಿದೆತ್ತಿ. "ಆ ಗುಂಡಿ ನನ್ನ ಸಣ್ಣ ಮಗು."

ರಕ್ತ ತೆಗೆದವರನ್ನು ಕರೆಸಿದರು. ಅವರು ಬಂದು ಬಾಗಿಲಲ್ಲಿ ನಿಂತು ಒಮ್ಮೆ ಅವಳನ್ನು, ಒಮ್ಮೆ ಅಕ್ಕನನ್ನು ನೋಡಿದರು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

"ಕೇಳಿ ಅಂಟಿಸಿದ್ರಾ, ನೋಡಿ ಅಂಟಿಸಿದ್ರಾ?" ಡಾಕ್ಟರಮ್ಮ ಕೇಳಿದರು.

"ಮೇಡಂ, ಕೇಳೋಕೇನಿದೆ ಅಂತ..." ಅವರು ಅಂಗೈಗಳನ್ನು ಬಿಡಿಸಿದರು. "ಇವರನ್ನ ನೋಡಿ, ಅವರನ್ನ ನೋಡಿ. ನೀವಾಗಿದ್ರೆ ಏನು ಬರೀತಿದ್ರಿ?"

ಮೊದಲು ನಕ್ಕವಳು ಅಕ್ಕ. ಕುರ್ಚಿಯಿಂದ ಜಾರುವಷ್ಟು ನಕ್ಕಳು. ಇಬ್ಬರ ವಂಶವಾಹಿಯ ಅಕ್ಷರಗಳು ಒಂದೇ ಆದ್ದರಿಂದ ಈ ತಪ್ಪನ್ನು ಯಾವ ಯಂತ್ರವೂ ಹಿಡಿಯುವ ಹಾಗಿರಲಿಲ್ಲ ಎಂದು ಡಾಕ್ಟರಮ್ಮ ಹೇಳುತ್ತಿದ್ದರು, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. "ಎರಡು ಗ್ರಾಂ ತಪ್ಪಿದೆ ಅಂದೆ, ನಂಬಲಿಲ್ಲ ನೀವು," ಎಂದು ಗುಲಗಂಜಿ ಆ ಮನುಷ್ಯನನ್ನು ಹಿಡಿದುಕೊಂಡಳು. "ಈಗ ನೋಡಿ, ಪೂರಾ ಮನುಷ್ಯಳೇ ತಪ್ಪಿದೀನಿ."

"ನೀವು ಹುಟ್ಟಿದಾಗ ಸಣ್ಣಗಿದ್ರಿ ಅಂದ್ರೆ ಯಾರಮ್ಮ ನಂಬ್ತಾರೆ?"

"ನಾನು ಬೆಳೆಸಿದ್ದು," ಅಂದರು ಅಮ್ಮ. ಎದೆಯುಬ್ಬಿಸಿ ಹೇಳಿದ್ದು. ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಬದಲಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಡಾಕ್ಟ್ರೇ, ಒಂದು ಕೇಳ್ತೀನಿ. ಇವಳು ಸಣ್ಣ ಹುಟ್ಟಿದ್ದು ನಾನು ತಿನ್ನದೇ ಇದ್ದಿದ್ದಕ್ಕಾ?"

ನಗು ನಿಂತಿತು. ಬಂದ ಕೆಲಸ ಇದೇ ತಾನೇ.

ಡಾಕ್ಟರಮ್ಮ ಮೇಜಿನ ಮೇಲಿದ್ದ ಒಂದು ಹಳೆಯ ದಪ್ಪ ಪುಸ್ತಕ ತಿರುಗಿಸಿ ಅಮ್ಮನ ಮುಂದಿಟ್ಟರು. ಐವತ್ತಾರು ವರ್ಷದ ಹಿಂದಿನ ಹೆರಿಗೆ ದಾಖಲೆ. ಅಧ್ಯಯನಕ್ಕೆ ಇಂಥ ದಾಖಲೆ ಸಿಕ್ಕ ಜೋಡಿಗಳನ್ನೇ ಆರಿಸಿದ್ದರಂತೆ. ಆ ದಿನದ ಸೂಲಗಿತ್ತಿ ನರ್ಸ್ ಒತ್ತಕ್ಷರ ಬಿಡದೆ ನೀಟಾಗಿ ಬರೆದಿದ್ದರು, ಪಕ್ಕದಲ್ಲಿ ಒಂದು ಸಣ್ಣ ಚಿತ್ರ. ಒಂದು ದುಂಡನೆಯ ಮಾಸು, ಎರಡು ಹೊಕ್ಕುಳಬಳ್ಳಿ. ಮೊದಲ ಮಗುವಿನ ಬಳ್ಳಿ ನಡುವಿನಿಂದ ಹೊರಟಿತ್ತು. ಎರಡನೆಯದು ಅಂಚಿನಲ್ಲಿ, ಬಟ್ಟೆಯ ತುದಿಯಲ್ಲಿ ನೇತುಬಿದ್ದ ದಾರದ ಹಾಗೆ.

"ಇಬ್ಬರಿಗೂ ಊಟ ಬರ್ತಿದ್ದದ್ದು ಈ ಒಂದೇ ಮಾಸಿನಿಂದ. ನೀವು ಏನು ತಿಂದ್ರೂ, ಎಷ್ಟು ತಿಂದ್ರೂ ಅದು ಇಲ್ಲಿಗೆ ಬರೋದು. ಇಲ್ಲಿಂದ ಇವರಿಗೆ ಮುಕ್ಕಾಲು ಜಾಗ ಸಿಕ್ತು, ಅವರಿಗೆ ಕಾಲು. ನೀವು ಕಡಿಮೆ ತಿಂದಿದ್ದೇ ಕಾರಣ ಆಗಿದ್ರೆ ಇಬ್ಬರೂ ಸಣ್ಣ ಹುಟ್ಟಬೇಕಿತ್ತು. ಈ ಅಕ್ಕ ಎರಡು ಕಿಲೋ ಆರುನೂರು, ಅವಳಿಗಳಲ್ಲಿ ಅದು ಒಳ್ಳೇ ತೂಕ."

ಅಮ್ಮ ಆ ಚಿತ್ರದ ಮೇಲೆ ಬೆರಳಿಟ್ಟರು. ಬಳ್ಳಿಯ ಗುಂಟ ನಿಧಾನ ಎಳೆದರು.

"ಇದು ಅಂಚಿಗೆ ಹೋಗಿದ್ದು ನಾನು ನಿಂತು ಇಸ್ತ್ರಿ ಮಾಡಿದ್ದಕ್ಕಾ?"

"ಇಲ್ಲಮ್ಮ. ಬಳ್ಳಿ ಎಲ್ಲಿ ಅಂಟಿಕೊಳ್ಳುತ್ತೆ ಅನ್ನೋದು ತೀರಾ ಮೊದಲಿನ ವಾರಗಳಲ್ಲೇ ಆಗಿಹೋಗುತ್ತೆ. ಬಸಿರು ಅಂತ ನಿಮಗೆ ಗೊತ್ತಾಗೋ ಹೊತ್ತಿಗೆ ಅದು ಮುಗಿದಿರುತ್ತೆ."

"ಇವಳು ತಳ್ಳಿದ್ದಾ?" ಅಮ್ಮ ಅಕ್ಕನ ಕಡೆ ನೋಡಿದರು.

"ಅವರಿಬ್ಬರಿಗೂ ಆಗ ತಳ್ಳೋಕೆ ಕೈಯೇ ಇರಲಿಲ್ಲ."

ಅಕ್ಕ ಗಟ್ಟಿಯಾಗಿ ಉಸಿರು ಬಿಟ್ಟದ್ದು ಕೋಣೆಯವರಿಗೆಲ್ಲ ಕೇಳಿಸಿತು.

ಅಷ್ಟಕ್ಕೇ ಏಳಬಹುದಿತ್ತು. ಗುಲಗಂಜಿ ಆಗಲೇ ಅಮ್ಮನ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಅಮ್ಮ ಏಳಲಿಲ್ಲ.

"ಆಮೇಲೆ ನಾನು ತಿನ್ನಿಸಿದ್ದು? ಇವಳಿಗೆ ಸಕ್ಕರೆ ಇದೆ. ಅವಳಿಗಿಲ್ಲ. ಒಂದೇ ಹೊಟ್ಟೇಲಿ ಹುಟ್ಟಿದೋರು. ಅದು ನನ್ನಿಂದಾನಾ?"

ಗುಲಗಂಜಿ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ. ಡಾಕ್ಟರಮ್ಮ ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವ.

"ಸಣ್ಣ ಹುಟ್ಟಿದವರು ಬೇಗ ದಪ್ಪ ಆದ್ರೆ ಸಕ್ಕರೆ ಬರೋ ಸಾಧ್ಯತೆ ಸ್ವಲ್ಪ ಹೆಚ್ಚು ಅಂತ ನಮಗೆ ಈಗ ಗೊತ್ತು. ಆಗ ಯಾರಿಗೂ ಗೊತ್ತಿರಲಿಲ್ಲ. ಆಗಿನ ಡಾಕ್ಟರುಗಳೇ ಚೆನ್ನಾಗಿ ತಿನ್ನಿಸಿ ಅಂತಿದ್ರು. ಒಂದು ಮಾತು ಮಾತ್ರ ಖಂಡಿತ. ಆ ಕಾಲದಲ್ಲಿ ಒಂದು ಕಿಲೋ ಮುನ್ನೂರು ಗ್ರಾಮಿನ ಮಗು ಬದುಕೋದೇ ಅಪರೂಪ. ನೀವು ತಿನ್ನಿಸದಿದ್ರೆ ಸಕ್ಕರೆ ಬರೋ ವಯಸ್ಸಿನವರೆಗೆ ಇವರು ಬರ್ತಾ ಇರಲಿಲ್ಲ."

"ಮತ್ತೆ ಅಮ್ಮ," ಗುಲಗಂಜಿ ಚೀಲ ಕೆಳಗಿಟ್ಟಳು, "ಹಾಲು ನೀನು ಕೊಟ್ಟೆ, ಸರಿ. ಮೂಲೆ ಬೇಕರಿಗೆ ನನ್ನನ್ನ ನೀನು ಕಳಿಸಿದ್ದಾ? ನಲವತ್ತು ವರ್ಷದಿಂದ ನನ್ನ ಕಾಲಲ್ಲೇ ನಡ್ಕೊಂಡು ಹೋಗ್ತಿದೀನಿ. ಅದರ ಕೀರ್ತಿ ನನಗೇ ಇರಲಿ. ಎಲ್ಲಾ ನೀನೇ ತಗೋಬೇಡ."

ಅಮ್ಮ ಅವಳನ್ನೇ ನೋಡುತ್ತ ಕೂತರು. ಆಮೇಲೆ, "ದಿನಾ ಹೋಗ್ತಿದ್ಯಾ ಬೇಕರಿಗೆ?" ಅಂದರು.

"ದಿನಾ ಅಂದ್ರೆ..."

"ದಿನಕ್ಕೆರಡು ಸಲ," ಅಂದಳು ಅಕ್ಕ. ಐವತ್ತಾರು ವರ್ಷ ಕಾದು ಕೂತವಳ ಹಾಗೆ.

ಹೊಸದಾಗಿ ರಕ್ತ ಕೊಟ್ಟು ಬಂದೆವು. ಈ ಸಲ ರಕ್ತ ತೆಗೆಯುವವರು ಇಬ್ಬರ ಮೊಣಕೈಯ ಮೇಲೂ ಪೆನ್ನಿನಿಂದ ಬರೆದು, ಅಮ್ಮನಿಂದ ಓದಿಸಿ, ಆಮೇಲೆ ಚೀಟಿ ಅಂಟಿಸಿದರು. ಕೆಲವು ತಿಂಗಳ ನಂತರ ಡಾಕ್ಟರಮ್ಮ ಹೊಸ ನಕ್ಷೆ ಕಳಿಸಿದರು. ಹದಿನೇಳನೆಯ ಚುಕ್ಕೆ ಗೆರೆ ದಾಟಿ ಬಲಕ್ಕೆ ಬಂದು ಉಳಿದವರ ಗುಂಪಿನಲ್ಲಿ ಸೇರಿತ್ತು. ಗುಲಗಂಜಿ ಅದನ್ನು ಅಂಗಡಿಯ ಗೋಡೆಗೆ, ತೂಕ ಇಲಾಖೆಯ ಪರವಾನಗಿಯ ಪಕ್ಕ ಅಂಟಿಸಿ, ತಕ್ಕಡಿ ತಂದವರಿಗೆಲ್ಲ ತೋರಿಸಿದಳು. "ಇದು ನಾನು. ಇವರೆಲ್ಲ ನಮ್ಮೋರು."

ಫಲಿತಾಂಶದ ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ಮಗಳ ಭುಜಕ್ಕೊರಗಿ ನಿದ್ದೆ ಹೋಗಿದ್ದರು, ಬಾಯಿ ತೆರೆದುಕೊಂಡು, ಎರಡು ಸ್ಟಾಪು ಮುಂದೆ ಹೋಗುವವರೆಗೆ. ನಾವು ಎಬ್ಬಿಸಲಿಲ್ಲ. ಅದಾದ ಮೇಲಿನ ಬದಲಾವಣೆ ಊಟದ ಮೇಜಿನ ಮೇಲೆ ಕಂಡಿತು. "ಇನ್ನೊಂದು" ಎಂಬ ಮಾತು ಆ ಮನೆಯಿಂದ ಎದ್ದುಹೋಯಿತು. ಸಣ್ಣ ಮಗಳ ತಟ್ಟೆಗೆ ಎರಡು ಸೌಟು ಹಾಕಿ, "ಸಾಕು, ಏಳು" ಅನ್ನತೊಡಗಿದರು. ಬೇಕರಿಯವನಿಗೆ ಹೋಗಿ ತಾಕೀತು ಮಾಡಿ ಬಂದರು. ಗುಲಗಂಜಿ ರಸ್ತೆ ದಾಟಿ ನನ್ನ ಹತ್ತಿರ ಅಳಲು ತೋಡಿಕೊಂಡಳು.

"ಅಮ್ಮನ ಭಾರ ಇಳಿಸೋಕೆ ಹೋಗಿ ನನ್ನ ಊಟ ಕಳ್ಕೊಂಡೆ ಹುಳಾ. ಈಗ ಅಕ್ಕನಿಗೆ ತುಂಬಿಸಿ ಬಡಿಸ್ತಾರೆ. ಅವಳು ನನ್ನ ಮುಖ ನೋಡ್ಕೊಂಡು ಅಗೀತಾಳೆ, ರಾಕ್ಷಸಿ."

ಒಂದು ವರ್ಷದಲ್ಲಿ ಹನ್ನೊಂದು ಕಿಲೋ ಇಳಿದಳು. ಎಷ್ಟು ಇಳಿದೆ ಎಂದು ಗ್ರಾಮಿನ ಲೆಕ್ಕದಲ್ಲಿ ಹೇಳುತ್ತಿದ್ದಳು, ಪ್ರತಿ ಸೋಮವಾರ, ಬೀದಿಗೇ ಕೇಳಿಸುವ ಹಾಗೆ.

ಏಳು ತಿಂಗಳ ಹಿಂದೆ, ಒಂದು ಬೆಳಿಗ್ಗೆ ಹತ್ತೂವರೆಗೆ, ಬೀಗದ ಅಂಗಡಿಯವರು ಓಡಿಬಂದು ನನ್ನನ್ನು ಕರೆದರು. ಸೂಕ್ಷ್ಮ ತಕ್ಕಡಿಯ ಮುಂದೆ, ಫ್ಯಾನ್ ಆರಿಸಿ, ಮೇಜಿಗೆ ತಲೆಯೊರಗಿಸಿದ್ದಳು. ಹೃದಯ. ನೋವು ಬಹಳ ಹೊತ್ತು ಇದ್ದಿರಲಾರದು ಎಂದರು. ಐವತ್ತೆಂಟು ವಯಸ್ಸು.

ನನ್ನ ದುಃಖದ ಜೊತೆಗೇ ನನಗೆ ಒಂದು ಭಯವಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಡಾಕ್ಟರಮ್ಮನ ಕೋಣೆಯಲ್ಲಿ ಇಳಿಸಿಟ್ಟು ಬಂದದ್ದನ್ನು ಅಮ್ಮ ಮತ್ತೆ ಎತ್ತಿಕೊಳ್ಳುತ್ತಾರೆ ಎಂಬ ಭಯ. ಎತ್ತಿಕೊಳ್ಳಲು ಈಗ ಕಾರಣ ಸಿಕ್ಕಿತ್ತು. ಮೂರನೆಯ ದಿನ ಮೇಲಿನ ಕೋಣೆಯಲ್ಲಿ ಜನ ಕೂತಿದ್ದರು. ಬಟ್ಟೆ ಅಂಗಡಿಯವರ ಹೆಂಡತಿ, ಒಳ್ಳೆಯ ಮನಸ್ಸಿನವರೇ, ಅಮ್ಮನ ಕೈ ಹಿಡಿದು, "ಏನು ಮಾಡೋದು, ಹುಟ್ಟುವಾಗಲೇ ಸೊರಗಿ ಹುಟ್ಟಿದ ಮಗು. ಅಲ್ಲಿಂದಲೇ ಬಂದ ದೌರ್ಬಲ್ಯ ಇದು" ಅಂದರು.

ಅಕ್ಕ ನನ್ನ ತೋಳು ಹಿಡಿದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಸೊರಗಿರಲಿಲ್ಲಮ್ಮ ಅವಳು. ಸಣ್ಣಗಿದ್ದಳು ಅಷ್ಟೇ. ಅವಳ ಪಾಲಿಗೆ ಬಂದಿದ್ದು ಸಣ್ಣ ಜಾಗ, ಅದರಲ್ಲಿ ಬೆಳೆದು ತೋರಿಸಿದಳು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ, ನನ್ನದೂ ಇರಲಿಲ್ಲ. ಅವಳೇ ಕರ್ಕೊಂಡು ಹೋಗಿ ಹೇಳಿಸಿದಳು ನನಗೆ. ಮತ್ತೆ ಹೊತ್ಕೊಂಡ್ರೆ ಅವಳ ಕೈಲಿ ಬೈಸ್ಕೋಬೇಕಾಗುತ್ತೆ."

ಆಮೇಲೆ, ಯಾರೂ ಕೇಳದೆ, ಹೆರಿಗೆಯ ದಿನದ ಕಥೆ ಹೇಳತೊಡಗಿದರು. ಇಷ್ಟು ವರ್ಷದಲ್ಲಿ ಅದನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ. ದೊಡ್ಡವಳು ಹುಟ್ಟಿ, ಬೀದಿಗೆಲ್ಲ ಕೇಳುವಂತೆ ಅತ್ತು, ಎಲ್ಲರೂ ಮುಗಿಯಿತು ಅಂದುಕೊಂಡರಂತೆ. ನರ್ಸ್ ಕೈ ತೊಳೆಯಲು ಹೋದವರು, "ಅಯ್ಯೋ, ಇನ್ನೊಬ್ಬರಿದ್ದಾರೆ" ಎಂದು ವಾಪಸು ಓಡಿಬಂದರಂತೆ.

"ಇವಳು ಅಳಲೇ ಇಲ್ಲ. ನರ್ಸು ಅಂಗೈ ಮೇಲೆ ಮಲಗಿಸಿಕೊಂಡು ನನಗೆ ತೋರಿಸಿದರು. ನನ್ನನ್ನ ನೋಡಿದಳು. ಕೋಣೆ ನೋಡಿದಳು. ಆಮೇಲೆ ಇಷ್ಟೇ ಇಷ್ಟು ಬಾಯಿ ತೆರೆದು," ಅಮ್ಮ ಹೆಬ್ಬೆರಳಿನ ತುದಿ ತೋರಿಸಿದರು, "ಆಕಳಿಸಿದಳು. ಬಂದ ಒಂದು ನಿಮಿಷಕ್ಕೇ. ನಮ್ಮನ್ನೆಲ್ಲ ನೋಡಿ ಆಗಲೇ ಬೇಜಾರಾದ ಹಾಗೆ. ನನಗೆ ಅಷ್ಟು ನೋವಲ್ಲೂ ನಗು ಬಂದುಬಿಡ್ತು. ನಗ್ತಾ ಇದ್ದೆ ನಾನು, ಗೊತ್ತಾ. ಅವಳನ್ನ ಮೊದಲ ಸಲ ಎತ್ತಿಕೊಂಡಾಗ ನಾನು ನಗ್ತಾ ಇದ್ದೆ."

ಕೋಣೆಯಲ್ಲಿದ್ದವರು ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ಮೊದಲು ನಕ್ಕಳು, ಆಮೇಲೆ ನಾನು.